ಖಾಲಿ ತೋಟೆ ಎಲ್ಲಿ ಬಿತ್ತು?

ಹಳೆಯ ಆಟೋ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಯಾರಾದರೂ ಅಂಗಡಿಯ ಮೆಟ್ಟಿಲು ಹತ್ತಿದರೆ ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಈಡು ಹೊಡೆದಾಗ ಖಾಲಿ ತೋಟೆ ಎಲ್ಲಿ ಬಿತ್ತು?’ ಬಂದವರು ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು. ಚರೆ ಎಲ್ಲಿಗೆ ತಾಗಿತು ಎಂದು ಕೇಳಿದರೆ ಎಲ್ಲರ ಬಳಿಯೂ ಉತ್ತರವಿರುತ್ತದೆ. ಹೊರಬಿದ್ದ ಖಾಲಿ ಕವಚದ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಆದರೆ ಕೋವಿಯ ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ತಿಳಿಸುವುದು ಆ ಕವಚವೇ. ಅದು ಕಾಲ ಬಳಿಯೇ ಬಿತ್ತೇ, ಹತ್ತು ಹದಿನೈದು ಅಡಿ ಆಚೆ ಹಾರಿತೇ, ಅಥವಾ ಬಾಗಿಲಲ್ಲೇ ಸಿಕ್ಕಿಕೊಂಡಿತೇ ಎಂಬುದು ತಿಳಿದರೆ ರಿಪೇರಿಯ ಅರ್ಧ ಕೆಲಸ ಮುಗಿದಂತೆ.

ಮೈಸೂರಿನಲ್ಲಿ, ಲೈಸೆನ್ಸ್ ಇದ್ದ ಒಂದು ಕೋವಿ ಅಂಗಡಿಯ ಹಿಂಬದಿಯ ಬೆಂಚಿನ ಮುಂದೆ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದೇನೆ. ಕೊಡಗು, ಹಾಸನ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಿಂದ ಬರುತ್ತಿದ್ದದ್ದು ಹೆಚ್ಚಾಗಿ ಜೋಡು ನಳಿಗೆಯ ಕೋವಿಗಳು. ಅವುಗಳ ನಡುವೆ ವರ್ಷಕ್ಕೆ ನಾಲ್ಕೋ ಐದೋ ಬೇರೆ ಜಾತಿಯದು ಬರುತ್ತಿತ್ತು. ಹಿಂಭಾಗ ಚೌಕವಾಗಿ ಎದ್ದು ನಿಂತ, ಗೂನುಬೆನ್ನಿನ, ಒಂಟಿ ನಳಿಗೆಯ ಕೋವಿ. ಇವತ್ತು ನಾನು ಮಾತನಾಡುವುದು ಅದರ ವಿಷಯ: ಬ್ರೌನಿಂಗ್ ಆಟೋ ಫೈವ್. ಜಗತ್ತಿನಲ್ಲಿ ಯಶಸ್ಸು ಕಂಡ ಮೊದಲ ಅರೆಸ್ವಯಂಚಾಲಿತ ಚರೆ ಕೋವಿ ಇದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. 1959ರ ಆಯುಧ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರವಲ್ಲ, ಕೋವಿ ರಿಪೇರಿಯ ಕಸುಬು ನಡೆಸುವುದಕ್ಕೂ ಲೈಸೆನ್ಸ್ ಬೇಕು. ಅರೆಸ್ವಯಂಚಾಲಿತ ಕೋವಿಗಳನ್ನು ನಿಯಮಗಳು ಜೋಡು ನಳಿಗೆಯ ಕೋವಿಯ ಜೊತೆ ಸೇರಿಸದೆ ಬೇರೆ ವರ್ಗದಲ್ಲಿ ಇಟ್ಟಿವೆ. ಅಜ್ಜನ ಕಾಲದ ಆಟೋ ಕೋವಿ ನಿಮ್ಮ ಮನೆಯಲ್ಲಿದ್ದರೆ ಎಣ್ಣೆ ಹಾಕುವ ಮೊದಲು ಅದರ ಕಾಗದಪತ್ರ ನೋಡಿಕೊಳ್ಳಿ. ಮುಂದೆ ನಾನು ಹೇಳುವುದರಲ್ಲಿ ನಳಿಗೆ ಕಳಚಿ ಒರೆಸುವಷ್ಟು ಕೆಲಸ ಮಾತ್ರ ಮನೆಯದು. ಉಳಿದದ್ದು ಕಸುಬುದಾರನ ಬೆಂಚಿನದು.

ಈ ಕೋವಿಯನ್ನು ರೂಪಿಸಿದ ಜಾನ್ ಮೋಸೆಸ್ ಬ್ರೌನಿಂಗ್ 1855ರಲ್ಲಿ ಅಮೆರಿಕದ ಯೂಟಾದ ಆಗ್ಡೆನ್ ಎಂಬ ಊರಿನಲ್ಲಿ ಹುಟ್ಟಿದವನು. ತಂದೆಯೂ ಕೋವಿ ಮಾಡುವ ಕಸುಬಿನವನೇ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಬ್ರೌನಿಂಗನ ಹೊಸ ಹೊಸ ವಿನ್ಯಾಸಗಳನ್ನು ವಿಂಚೆಸ್ಟರ್ ಕಂಪನಿ ಸಾಲಾಗಿ ಕೊಂಡುಕೊಳ್ಳುತ್ತಿತ್ತು. ಆದರೆ ಈ ಕೋವಿಯ ಮಾತು ಬಂದಾಗ ಅವನು ಹಠ ಹಿಡಿದ. ಒಂದೇ ಬಾರಿಗೆ ಹಣ ತೆಗೆದುಕೊಂಡು ವಿನ್ಯಾಸ ಕೊಟ್ಟುಬಿಡುವುದಿಲ್ಲ, ಮಾರಿದ ಪ್ರತಿ ಕೋವಿಗೂ ಪಾಲು ಬೇಕು ಎಂದ. ವಿಂಚೆಸ್ಟರ್ ಒಪ್ಪಲಿಲ್ಲ. ಹತ್ತೊಂಬತ್ತು ವರ್ಷದ ನಂಟು ಅಲ್ಲಿಗೆ ಮುರಿಯಿತು. ರೆಮಿಂಗ್ಟನ್ ಕಂಪನಿಯ ಮುಖ್ಯಸ್ಥ ಮಾರ್ಸೆಲಸ್ ಹಾರ್ಟ್ಲಿಯನ್ನು ನೋಡಲು ಹೋದ. ಅದು 1902ರ ಜನವರಿ. ಭೇಟಿಗೆಂದು ಕಾದು ಕೂತಿದ್ದಾಗಲೇ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಮ್ಮಿಗೆ ಹೋದ. ಲೀಜ್ ನಗರದ ಪಕ್ಕದ ಹೆರ್ಸ್ಟಾಲಿನಲ್ಲಿದ್ದ ಎಫ್‌ಎನ್ ಕಾರ್ಖಾನೆ ಅವನ ಷರತ್ತಿಗೆ ಒಪ್ಪಿತು. ಮೊದಲ ಹತ್ತು ಸಾವಿರ ಕೋವಿಗಳನ್ನು ತಾನೇ ಕೊಳ್ಳುತ್ತೇನೆಂದು ಬ್ರೌನಿಂಗ್ ಬರೆದುಕೊಟ್ಟ. ತನ್ನ ಕೆಲಸದ ಮೇಲೆ ಒಬ್ಬ ಕಸುಬುದಾರನಿಗೆ ಇದ್ದ ನಂಬಿಕೆ ಅದು. ಇಪ್ಪತ್ತನಾಲ್ಕು ವರ್ಷಗಳ ನಂತರ, 1926ರ ನವೆಂಬರ್ 26ರಂದು, ಅವನು ಪ್ರಾಣ ಬಿಟ್ಟದ್ದೂ ಅದೇ ಕಾರ್ಖಾನೆಯಲ್ಲಿ.

ಅದೇ ಕೋವಿಯನ್ನು ಒಪ್ಪಂದದ ಮೇಲೆ ರೆಮಿಂಗ್ಟನ್ನಿನವರು ‘ಮಾಡೆಲ್ 11’ ಎಂದು ಅಮೆರಿಕದಲ್ಲಿ ತಯಾರಿಸಿದರು. 1970ರ ದಶಕದಲ್ಲಿ ತಯಾರಿಕೆ ಜಪಾನಿನ ಮಿರೋಕು ಕಾರ್ಖಾನೆಗೆ ಹೋಯಿತು. 1990ರ ದಶಕದ ಕೊನೆಯವರೆಗೂ ಈ ಕೋವಿ ತಯಾರಾಗುತ್ತಲೇ ಇತ್ತು. ಹೆಚ್ಚುಕಡಿಮೆ ಒಂದು ಶತಮಾನ, ಮೂಲ ಯಂತ್ರದಲ್ಲಿ ದೊಡ್ಡ ಬದಲಾವಣೆಯಿಲ್ಲದೆ. ಹಾಗಾಗಿ ಹಳೆಯ ಕೋವಿಯೊಂದು ಕೈಕೊಟ್ಟರೆ ವಿನ್ಯಾಸದಲ್ಲೇ ತಪ್ಪಿದೆ ಎಂದು ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಇನ್ನು ಅದರ ನಡೆ. ಇದನ್ನು ಸಾವಧಾನವಾಗಿ ಕೇಳಿ. ಇದು ಮನಸ್ಸಿಗೆ ಹತ್ತಿದರೆ ಕೋವಿಯ ಬಹುಪಾಲು ಕಾಯಿಲೆಗಳು ತಾವಾಗಿಯೇ ಅರ್ಥವಾಗುತ್ತವೆ.

ಜೋಡು ನಳಿಗೆಯ ಕೋವಿಯಲ್ಲಿ ನಳಿಗೆ ಕದಲುವುದಿಲ್ಲ. ಇದರಲ್ಲಿ ಇಡೀ ನಳಿಗೆಯೇ ಓಡಾಡುತ್ತದೆ. ಈಡು ಹಾರಿದ ಕ್ಷಣ ನಳಿಗೆ ಮತ್ತು ಅದರ ಹಿಂಬಾಗಿಲಾದ ಬೋಲ್ಟು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡೇ ಹಿಂದಕ್ಕೆ ಬರುತ್ತವೆ. ತೋಟೆಯ ಉದ್ದಕ್ಕಿಂತ ಹೆಚ್ಚು ದೂರ ಬರುತ್ತವೆ. ಕೊನೆ ಮುಟ್ಟಿದ ಮೇಲೆ ಬೋಲ್ಟು ಅಲ್ಲೇ ನಿಲ್ಲುತ್ತದೆ. ನಳಿಗೆ ಮಾತ್ರ ಅದರ ಹಿಡಿತದಿಂದ ಕಳಚಿಕೊಂಡು ಮುಂದಕ್ಕೆ ಹೋಗುತ್ತದೆ. ಖಾಲಿ ತೋಟೆಯ ಅಂಚನ್ನು ಬೋಲ್ಟಿನ ಉಗುರುಗಳು ಕಚ್ಚಿಕೊಂಡಿರುವುದರಿಂದ ಅದು ಹಿಂದೆಯೇ ಉಳಿಯುತ್ತದೆ. ಮುಂದೆ ಹೋಗುವ ನಳಿಗೆಯ ಬಾಲದಲ್ಲಿರುವ ಒಂದು ಚಿಕ್ಕ ಮೂಗು ತೋಟೆಗೆ ತಾಗಿ ಅದನ್ನು ಹೊರಗೆ ಚಿಮ್ಮಿಸುತ್ತದೆ. ಆಮೇಲೆ ಬೋಲ್ಟಿನ ಸರದಿ. ಕೆಳಗಿನ ಕೊಳವೆಯಿಂದ ಬಂದ ಹೊಸ ತೋಟೆ ತಟ್ಟೆಯ ಮೇಲೆ ಎದ್ದು ನಿಲ್ಲುತ್ತದೆ. ಅದನ್ನು ತಳ್ಳಿಕೊಂಡು ಬೋಲ್ಟು ಬಾಗಿಲು ಮುಚ್ಚುತ್ತದೆ. ಇಷ್ಟೂ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ. ಹಾರಿಸಿದವನ ಹೆಗಲಿಗೆ ಮಾತ್ರ ಅದು ಎರಡು ಬಡಿತವಾಗಿ ಗೊತ್ತಾಗುತ್ತದೆ.

ಇಲ್ಲಿ ಎರಡು ದೊಡ್ಡ ಸ್ಪ್ರಿಂಗುಗಳಿವೆ. ಒಂದು ಮುಂದುಗಡೆ, ಮುಂಗೈ ಮರದ ಒಳಗೆ, ಮ್ಯಾಗಝೀನ್ ಕೊಳವೆಯ ಸುತ್ತ ಸುರುಳಿಯಾಗಿದೆ. ನಳಿಗೆಯನ್ನು ತಡೆಯುವುದೂ ಮುಂದೆ ತಳ್ಳುವುದೂ ಅದೇ. ಇನ್ನೊಂದು ಹೆಗಲ ಮರದ ಒಳಗಿನ ಕೊಳವೆಯಲ್ಲಿ ಅಡಗಿ ಕೂತಿದೆ. ಬೋಲ್ಟನ್ನು ಮುಚ್ಚುವುದು ಅದು. ಮುಂದಿನದು ಕಣ್ಣಿಗೆ ಬೀಳುತ್ತದೆ, ಹಿಂದಿನದು ಬೀಳುವುದಿಲ್ಲ. ಯಾವುದು ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಸ್ಪ್ರಿಂಗು ಒಂದೇ ಇದ್ದರೆ ಸಾಲದು ಎಂದು ಬ್ರೌನಿಂಗಿಗೆ ಗೊತ್ತಿತ್ತು. ಹಗುರ ತೋಟೆಗೆ ಸರಿಹೋಗುವ ಸ್ಪ್ರಿಂಗು ಭಾರಿ ತೋಟೆಯ ಒದೆಯನ್ನು ತಡೆಯದು. ಭಾರಿ ತೋಟೆಗೆ ಸರಿಹೋಗುವುದು ಹಗುರ ತೋಟೆಗೆ ಜಗ್ಗದು. ಅದಕ್ಕೆ ಅವನು ಒಂದು ಬ್ರೇಕು ಇಟ್ಟ. ಒಂದು ಉಕ್ಕಿನ ಉಂಗುರ, ಒಂದು ಕಂಚಿನ ಬಳೆ. ಬಳೆ ಒಂದು ಕಡೆ ಸೀಳಿದೆ. ಒತ್ತಡ ಬಿದ್ದರೆ ಕಿರಿದಾಗಿ ಮ್ಯಾಗಝೀನ್ ಕೊಳವೆಯನ್ನು ಬಿಗಿಯಾಗಿ ತಬ್ಬುತ್ತದೆ. ಉಂಗುರದ ಒಂದು ಮುಖ ಸಪಾಟು. ಇನ್ನೊಂದು ಮುಖದಲ್ಲಿ ಒಳಗಡೆ ಓರೆ ಕೆತ್ತಿದೆ. ಭಾರಿ ತೋಟೆಗೆ ಮೊದಲು ಸ್ಪ್ರಿಂಗು, ಅದರ ಮುಂದೆ ಉಂಗುರ, ಅದರ ಮುಂದೆ ಕಂಚಿನ ಬಳೆ. ಉಂಗುರದ ಓರೆ ಮುಖ ಬಳೆಯ ಕಡೆಗೆ ಇರಬೇಕು. ಆಗ ಬಳೆ ಎರಡೂ ಕಡೆಯಿಂದ ಅದುಮಿಸಿಕೊಂಡು ಕೊಳವೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಗುರ ತೋಟೆಗೆ ಉಂಗುರವನ್ನು ಅಲ್ಲಿಂದ ತೆಗೆದು ಸ್ಪ್ರಿಂಗಿನ ಹಿಂದೆ, ಕೋವಿಯ ಮೈಗೆ ಒರಗುವಂತೆ ಹಾಕಬೇಕು. ಆಗ ಬಳೆಯ ಹಿಡಿತ ಸಡಿಲ. ಆ ಉಂಗುರ ಹಿಂದೆ ಸುಮ್ಮನೆ ಕೂತಿರುವುದರಿಂದ ಕೆಲವರು ಅದು ಬೇಡವೆಂದು ತೆಗೆದಿಟ್ಟು ಕಳೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರು ಅಂಗುಲದ ಮ್ಯಾಗ್ನಮ್ ತೋಟೆಗೆಂದೇ ಮಾಡಿದ ಕೋವಿಗಳಲ್ಲಿ ಎರಡು ಕಂಚಿನ ಬಳೆಗಳಿರುತ್ತವೆ. ಜೋಡಣೆಯ ಚಿತ್ರವನ್ನು ಮುಂಗೈ ಮರದ ಒಳಗೆ ಕಾಗದದಲ್ಲಿ ಅಂಟಿಸಿಯೇ ಕಾರ್ಖಾನೆಯಿಂದ ಕಳಿಸುತ್ತಿದ್ದರು.

ಒಂದು ವರ್ಷ ಕೈಲ್ ಪೊಳ್ದ್ ಹಬ್ಬ ಕಳೆದ ವಾರ ಮಡಿಕೇರಿ ಕಡೆಯಿಂದ ಒಬ್ಬ ಯುವಕ ಬಂದ. ನಿಮಗೆ ಗೊತ್ತಿರುವಂತೆ ಸೆಪ್ಟೆಂಬರಿನ ಆ ಹಬ್ಬದಲ್ಲಿ ಕೊಡಗಿನ ಮನೆಗಳಲ್ಲಿ ಕೋವಿಗೆ ತೋಕ್ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ ನಡೆಯುತ್ತದೆ. ಹುಡುಗನ ತಾತನ ಹೆಸರಿನಲ್ಲಿದ್ದ ಬೆಲ್ಜಿಯಂ ಬ್ರೌನಿಂಗ್ ಅದು. ಲೈಸೆನ್ಸ್ ವರ್ಗಾವಣೆಯಾಗಿ ಅವನ ಕೈಗೆ ಬಂದು ಆರು ತಿಂಗಳಾಗಿತ್ತು. ದೂರು: ‘ಹೆಗಲು ಕಿತ್ತುಹೋಗುವ ಹಾಗೆ ಒದೆಯುತ್ತದೆ. ಮುಂದಿನ ಮರ ಬೇರೆ ಬಿರುಕು ಬಿಟ್ಟಿದೆ.’ ನಾನು ನನ್ನ ಪ್ರಶ್ನೆ ಕೇಳಿದೆ. ಅವನು ಯೋಚಿಸಿ, ಖಾಲಿ ತೋಟೆ ಪಕ್ಕದ ಬೇಲಿಯ ಆಚೆ ಸಿಕ್ಕಿತು ಎಂದ. ಬೇಲಿ ಎಷ್ಟು ದೂರ ಎಂದರೆ ಐದಾರು ಹೆಜ್ಜೆ ಎಂದ.

ನಮ್ಮ ಕಸುಬಿನಲ್ಲಿ ಒಂದು ಅಂದಾಜಿದೆ. ಬ್ರೇಕು ಸರಿಯಾಗಿ ಹೊಂದಿದ್ದರೆ ಖಾಲಿ ತೋಟೆ ಆರರಿಂದ ಎಂಟು ಅಡಿ ದೂರದಲ್ಲಿ ಬೀಳಬೇಕು. ಹದಿನೈದು ಅಡಿ ಆಚೆ ಬಿತ್ತೆಂದರೆ ನಳಿಗೆಗೆ ತಡೆಯೇ ಇಲ್ಲ ಎಂದರ್ಥ. ಹಿಂದೆ ಬಂದು ಉಕ್ಕಿಗೆ ಉಕ್ಕು ಬಡಿಯುತ್ತಿದೆ. ಆ ಹೊಡೆತವೇ ಹೆಗಲಿಗೆ ಬರುವುದು, ಅದೇ ಮುಂಗೈ ಮರವನ್ನು ಸೀಳುವುದು. ಬಿಚ್ಚಿ ನೋಡಿದೆ. ಉಂಗುರ ಹಗುರ ತೋಟೆಯ ಜಾಗದಲ್ಲಿ, ಸ್ಪ್ರಿಂಗಿನ ಹಿಂದೆ ಕೂತಿತ್ತು. ಅವನು ಹಾಕುತ್ತಿದ್ದದ್ದು 36 ಗ್ರಾಂ ಚರೆಯ ಭಾರಿ ತೋಟೆ. ಸಾಲದ್ದಕ್ಕೆ ಪೂಜೆಗೆಂದು ಕೋವಿಗೆ ಧಾರಾಳವಾಗಿ ಎಣ್ಣೆ ಎರೆದಿದ್ದರು. ಮ್ಯಾಗಝೀನ್ ಕೊಳವೆಯ ಮೇಲೆ ಬೆರಳಿಟ್ಟರೆ ಜಾರುತ್ತಿತ್ತು. ಅಂಟಿಸಿದ್ದ ಕಾಗದ ಎಣ್ಣೆ ಕುಡಿದು ಕಪ್ಪಾಗಿ, ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ.

ಎಣ್ಣೆಯ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತನಾಡುತ್ತೇನೆ, ಕ್ಷಮಿಸಬೇಕು. ನಾನು ಕಂಡ ಹಾಗೆ ಈ ಕೋವಿಗಳು ತುಕ್ಕಿನಿಂದ ಕೆಟ್ಟಷ್ಟೇ ಎಣ್ಣೆಯಿಂದಲೂ ಕೆಟ್ಟಿವೆ. ಬ್ರೇಕು ಹಿಡಿಯಬೇಕಾದ ಜಾಗಕ್ಕೆ ಎಣ್ಣೆ ಎರೆಯುವುದೆಂದರೆ ಗಾಡಿಯ ಬ್ರೇಕಿಗೆ ಎಣ್ಣೆ ಹಾಕಿದಂತೆ. ಮ್ಯಾಗಝೀನ್ ಕೊಳವೆಗೆ ಬೇಕಾದದ್ದು ಎಣ್ಣೆ ಹಚ್ಚಿದ ಬಟ್ಟೆಯಿಂದ ಒಮ್ಮೆ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದಾಗ ಉಳಿಯುವಷ್ಟು ಮಾತ್ರ. ಕಣ್ಣಿಗೆ ಹೊಳಪು ಕಾಣಬೇಕು, ಬೆರಳಿಗೆ ಪಸೆ ಹತ್ತಬಾರದು.

ಇನ್ನೊಂದು ಕೋವಿ ಸಕಲೇಶಪುರದ ಕಡೆಯಿಂದ ಬಂದದ್ದು. ಅದರ ಕಾಯಿಲೆ ಇದಕ್ಕೆ ತದ್ವಿರುದ್ಧ. ಬೋಲ್ಟನ್ನು ಹಿಂದಕ್ಕೆಳೆದು ಬಿಟ್ಟರೆ ಠಣ್ ಎಂದು ಮುಚ್ಚಬೇಕಾದದ್ದು, ನಿದ್ದೆಗಣ್ಣಿನವರು ಬಾಗಿಲು ಹಾಕುವಂತೆ ಮೆಲ್ಲನೆ ಸರಿಯುತ್ತಿತ್ತು. ಕೊನೆಯ ಅರ್ಧ ಅಂಗುಲ ಮುಚ್ಚುತ್ತಲೇ ಇರಲಿಲ್ಲ. ಮಾಲೀಕರು ಬಹಳ ಶ್ರದ್ಧೆಯ ಮನುಷ್ಯ. ಪ್ರತಿ ತಿಂಗಳೂ ತಪ್ಪದೆ ಕೋವಿಗೆ ಎಣ್ಣೆ ಕೊಡುತ್ತಿದ್ದರು. ಯಾವ ಎಣ್ಣೆ ಎಂದೆ. ತೆಂಗಿನೆಣ್ಣೆ ಎಂದರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಮಲೆನಾಡಿನ ಬೆಳಗಿನ ಚಳಿಯಲ್ಲಿ ಡಬ್ಬಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಕೋವಿಯೊಳಗೂ ಹೆಪ್ಪುಗಟ್ಟುತ್ತದೆ. ವರ್ಷಗಳು ಕಳೆದಂತೆ ಕಮಟಾಗಿ ಅಂಟಾಗುತ್ತದೆ. ಹೆಗಲ ಮರ ಬಿಚ್ಚಿ ಹಿಂದಿನ ಕೊಳವೆಯಿಂದ ಸ್ಪ್ರಿಂಗು ಎಳೆದಾಗ ಅದರ ಜೊತೆ ಬಂದದ್ದು ಹಳದಿ ಮೇಣದಂಥ ಮುದ್ದೆ, ಅದರಲ್ಲಿ ಧೂಳು, ಸುಟ್ಟ ಮದ್ದಿನ ಮಸಿ. ಸ್ಪ್ರಿಂಗು ಮುರಿದಿರಲಿಲ್ಲ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಉಜ್ಜಿ, ಒಂದು ಹನಿಯೂ ಉಳಿಯದಂತೆ ಒರೆಸಿ, ತೆಳುವಾದ ಗನ್ ಆಯಿಲ್ಲಿನಲ್ಲಿ ಒಮ್ಮೆ ಸವರಿ ಹಾಕಿದೆ. ಬಾಗಿಲು ಮುಚ್ಚಿದ ಸದ್ದಿಗೆ ಅವರು ಬೆಚ್ಚಿದರು. ಇದೇ ಅಂಟು ಬೋಲ್ಟಿನೊಳಗಿನ ಸೂಜಿಗೆ ಹತ್ತಿದರೆ ಇನ್ನೊಂದು ತೊಂದರೆ. ಕುದುರೆ ಬೀಳುತ್ತದೆ, ತೋಟೆಯ ಕೇಪಿನ ಮೇಲೆ ಸಣ್ಣ ಗುರುತು ಮಾತ್ರ ಬೀಳುತ್ತದೆ, ಈಡು ಹಾರುವುದಿಲ್ಲ. ಅಂಥ ಹೊತ್ತಿನಲ್ಲಿ ನಳಿಗೆಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ತಡವಾಗಿ ಹಾರುವ ತೋಟೆಗಳೂ ಇರುತ್ತವೆ.

ಬೋಲ್ಟು ಠಣ್ ಎಂದು ಮುಚ್ಚಬೇಕು ಎಂದೆನಲ್ಲ, ಅಲ್ಲಿ ಬೆರಳು ಇಡಬೇಡಿ. ಪಕ್ಕದ ಗುಂಡಿಗೆ ಕೈ ತಾಗಿದರೆ ಸಾಕು, ತೆರೆದು ನಿಂತ ಬೋಲ್ಟು ಹಾರಿ ಮುಚ್ಚುತ್ತದೆ. ನನ್ನ ಬಲಗೈ ಹೆಬ್ಬೆರಳಿನ ಉಗುರು ಎರಡು ಸಲ ಕಪ್ಪಾಗಿ ಬಿದ್ದುಹೋಗಿದೆ.

ತೋಟೆ ಕಾಲ ಬಳಿ ಬೀಳುವುದು, ಅಥವಾ ಬಾಗಿಲಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಳ್ಳುವುದು. ಇದಕ್ಕೆ ಮೊದಲ ಅನುಮಾನ ಬ್ರೇಕಿನ ಮೇಲೆಯೇ: ಭಾರಿ ಜೋಡಣೆಯಲ್ಲಿ ಹಗುರ ತೋಟೆ. ನಳಿಗೆ ಪೂರ್ತಿ ಹಿಂದೆ ಬರುವುದೇ ಇಲ್ಲ. ಎರಡನೆಯ ಅನುಮಾನ ತುಕ್ಕು ಹಿಡಿದ ಕೊಳವೆ ಅಥವಾ ಕೊಳೆ ಹಿಡಿದ ಬಳೆ. ಆಮೇಲೆ ಬೋಲ್ಟಿನ ಉಗುರು ಸವೆದಿದೆಯೇ, ನಳಿಗೆಯ ಬಾಲದ ಮೂಗು ಸಡಿಲವಾಗಿದೆಯೇ ಎಂದು ನೋಡುತ್ತೇನೆ. ಈ ಕ್ರಮ ತಪ್ಪಿಸಿ, ಮೊದಲೇ ಉಗುರನ್ನು ಅರದಿಂದ ಉಜ್ಜಿ ಕೆಡಿಸಿದ ಕೋವಿಗಳು ನನ್ನ ಬೆಂಚಿಗೆ ಬಂದಿವೆ. ಅರ ಹಾಕಿದ್ದನ್ನು ಮರಳಿ ತುಂಬಲು ಬರುವುದಿಲ್ಲ.

ಬ್ರೇಕಿನ ಉಂಗುರ ಎಲ್ಲಿರಬೇಕು ಎಂದು ನನ್ನನ್ನು ಕೇಳಿದರೆ, ಮೊದಲು ಭಾರಿ ಜೋಡಣೆಯಲ್ಲೇ ಇಟ್ಟು ನೋಡಿ ಎನ್ನುತ್ತೇನೆ. ನಿಮ್ಮ ತೋಟೆ 28 ಗ್ರಾಮಿನದೇ ಆಗಿದ್ದರೂ, ಖಾಲಿ ಕವಚ ಸರಿಯಾಗಿ ಹೊರಬೀಳುತ್ತಿದ್ದರೆ ಉಂಗುರವನ್ನು ಮುಟ್ಟಲು ಹೋಗಬೇಡಿ. ತೋಟೆ ಸಿಕ್ಕಿಕೊಂಡರೆ ಒಂದು ಈಡು ಹೋಯಿತು ಅಷ್ಟೇ. ಮರ ಸೀಳಿದರೆ ಅಂಥ ಆಕ್ರೋಟು ಮರ ಇನ್ನು ಸಿಗುವುದಿಲ್ಲ.

ತೋಟೆಯ ಉದ್ದದ ವಿಷಯ ಇದಕ್ಕಿಂತ ಗಂಭೀರ. ಹಳೆಯ ಬೆಲ್ಜಿಯಂ ಕೋವಿಗಳಲ್ಲಿ, ಅದರಲ್ಲೂ 16 ಬೋರಿನವುಗಳಲ್ಲಿ, ನಳಿಗೆಯ ಹಿಂಭಾಗದ ತೋಟೆಯ ಗೂಡು 65 ಮಿಲಿಮೀಟರಿನದು. ಈಗ ಸಿಗುವ ಹಲವು ತೋಟೆಗಳು 70 ಮಿಲಿಮೀಟರಿನವು. ‘ಆದರೆ ಸಲೀಸಾಗಿ ಒಳಗೆ ಹೋಗುತ್ತದಲ್ಲ’ ಎಂದು ಜನ ಹೇಳುತ್ತಾರೆ. ಹೋಗುತ್ತದೆ, ಅದೇ ಅಪಾಯ. 70 ಎಂಬುದು ಹಾರಿಸಿದ ಮೇಲೆ, ಮಡಿಸಿದ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹಾರಿಸದ ತೋಟೆ ಅದಕ್ಕಿಂತ ಗಿಡ್ಡ, ಹಾಗಾಗಿ ಗೂಡಿಗೆ ಹಿಡಿಸುತ್ತದೆ. ಈಡು ಹಾರುವಾಗ ಬಿಚ್ಚಿಕೊಂಡ ಬಾಯಿ ಗೂಡು ದಾಟಿ, ನಳಿಗೆ ಕಿರಿದಾಗುವ ಜಾಗಕ್ಕೆ ನುಗ್ಗಿ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಒಳಗಿನ ಒತ್ತಡ ಏರುತ್ತದೆ. ಉದ್ದವಾದ ಖಾಲಿ ಕವಚ ಬಾಗಿಲಿನಿಂದ ಹೊರಬರಲಾರದೆ ಸಿಕ್ಕಿಕೊಳ್ಳುವುದೂ ಉಂಟು. ಕೋವಿ ಜಾಮ್ ಆಗುತ್ತದೆ ಎಂದು ಬಂದ ಒಂದು 16 ಬೋರಿನ ಕೋವಿಯಲ್ಲಿ ನಾನು ಎರಡು ದಿನ ತಪ್ಪು ಹುಡುಕಿದೆ. ಕೊನೆಗೆ ಅಳತೆಕೋಲು ಹಾಕಿದಾಗ ಉತ್ತರ ಸಿಕ್ಕಿತು. ಅಂದಿನಿಂದ ಗೂಡಿನ ಅಳತೆಯೇ ನನ್ನ ಮೊದಲ ಕೆಲಸ. ನೀವೂ ಹಳೆಯ ಕೋವಿಗೆ ತೋಟೆ ಕೊಳ್ಳುವ ಮೊದಲು ಒಮ್ಮೆ ಅಳೆಯಿಸಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಹಳೆಯ ಕಾಗದದ ತೋಟೆಗಳನ್ನು ಪೆಟ್ಟಿಗೆಯಲ್ಲಿ ಇನ್ನೂ ಜೋಪಾನ ಮಾಡಿದವರಿದ್ದಾರೆ. ನಮ್ಮ ಮಳೆಗಾಲದ ಥಂಡಿಗೆ ಕಾಗದ ಉಬ್ಬುತ್ತದೆ. ಉಬ್ಬಿದ ತೋಟೆ ಗೂಡಿನಲ್ಲಿ ಕಚ್ಚಿಕೊಂಡರೆ ಬೋಲ್ಟಿನ ಉಗುರು ಅದರ ಹಿತ್ತಾಳೆಯ ಅಂಚನ್ನು ಕಿತ್ತುಹಾಕುತ್ತದೆ. ನೆನಪಿಗಾಗಿ ಇಟ್ಟುಕೊಳ್ಳಬೇಕೆಂದಿದ್ದರೆ ಲೈಸೆನ್ಸಿನ ಲೆಕ್ಕದೊಳಗೆ ಇಟ್ಟುಕೊಳ್ಳಿ. ಕೋವಿಗೆ ಹಾಕಬೇಡಿ.

ಸ್ಕ್ರೂಗಳ ಬಗ್ಗೆ ಹೇಳಲೇಬೇಕು. ಈ ಕೋವಿಯ ದೊಡ್ಡ ಸ್ಕ್ರೂಗಳ ಪಕ್ಕದಲ್ಲಿ ಸಣ್ಣ ಕಾವಲು ಸ್ಕ್ರೂಗಳಿವೆ. ದೊಡ್ಡದು ಕಂಪನಕ್ಕೆ ಸಡಿಲವಾಗದಂತೆ ಹಿಡಿದಿರುವುದು ಅವು. ಅವನ್ನು ಮೊದಲು ತೆಗೆಯದೆ ದೊಡ್ಡದರ ಮೇಲೆ ಬಲ ಹಾಕಿದರೆ ಎರಡೂ ಹಾಳು. ತಲೆಯ ಸೀಳು ಎಷ್ಟು ತೆಳು ಎಂದರೆ ಮನೆಯ ಸ್ಕ್ರೂಡ್ರೈವರ್ ಅದಕ್ಕೆ ಇಳಿಯುವುದೇ ಇಲ್ಲ. ಸೀಳಿನ ಅಗಲಕ್ಕೆ ಸರಿಯಾಗಿ, ಎರಡೂ ಬದಿ ಸಮನಾಗಿ ಮಸೆದ ಸ್ಕ್ರೂಡ್ರೈವರುಗಳನ್ನು ನಾನು ಒಂದೊಂದು ಸ್ಕ್ರೂವಿಗೆ ಒಂದೊಂದರಂತೆ ಮಾಡಿಟ್ಟುಕೊಂಡಿದ್ದೆ. ಕೋವಿಯೊಂದು ಎಂಥವರ ಕೈ ದಾಟಿ ಬಂದಿದೆ ಎಂದು ತಿಳಿಯಲು ಆ ಸ್ಕ್ರೂತಲೆಗಳನ್ನು ನೋಡಿದರೆ ಸಾಕು.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನು? ಮೊದಲು ಕೋವಿ ಖಾಲಿಯೇ ಎಂದು ನೋಡಿ. ಕಣ್ಣಿನಿಂದ ನೋಡಿದರೆ ಸಾಲದು. ಗೂಡಿನಲ್ಲಿ ಬೆರಳಿಟ್ಟು, ಮ್ಯಾಗಝೀನಿನ ಬಾಯಲ್ಲಿ ಬೆರಳಿಟ್ಟು ನೋಡಿ. ಈ ಕೋವಿಯ ಹೆಸರಿನಲ್ಲಿರುವ ಐದು ಎಂದರೆ ಗೂಡಿನಲ್ಲಿ ಒಂದು, ಕೊಳವೆಯಲ್ಲಿ ನಾಲ್ಕು ತೋಟೆ. ಬ್ರೌನಿಂಗಿನ ಎಡಬದಿಯಲ್ಲಿ ಒಂದು ಚಿಕ್ಕ ಸನ್ನೆ ಇದೆ. ಅದನ್ನು ತಿರುಗಿಸಿದರೆ ಕೊಳವೆಯ ತೋಟೆಗಳು ಕೆಳಗೇ ತಡೆದು ನಿಲ್ಲುತ್ತವೆ. ಬೋಲ್ಟು ಎಳೆದಾಗ ಏನೂ ಬರಲಿಲ್ಲವೆಂದು ಕೋವಿ ಖಾಲಿ ಎಂದುಕೊಂಡವರು ಇದ್ದಾರೆ. ಖಾಲಿ ಎಂದು ಖಚಿತವಾದ ಮೇಲೆ ಬೋಲ್ಟನ್ನು ಹಿಂದೆ ತೆರೆದು ನಿಲ್ಲಿಸಿ, ಹೆಗಲ ಮರದ ಬುಡವನ್ನು ನೆಲದ ಮೇಲೆ ಬಟ್ಟೆ ಹಾಸಿ ಊರಿ, ಮುಖವನ್ನು ನಳಿಗೆಯ ಬಾಯಿಯಿಂದ ಆಚೆ ಇಟ್ಟುಕೊಂಡು, ನಳಿಗೆಯನ್ನು ಪಕ್ಕದಿಂದ ಹಿಡಿದು ಸ್ವಲ್ಪ ಕೆಳಕ್ಕೆ ಒತ್ತಿ, ಮುಂದಿನ ಟೋಪಿ ತಿರುಗಿಸಿ ತೆಗೆಯಬೇಕು. ಸ್ಪ್ರಿಂಗು ನಳಿಗೆಯನ್ನು ಮೇಲೆ ತಳ್ಳುತ್ತಿರುತ್ತದೆ, ಮೆಲ್ಲನೆ ಬಿಡಿ. ಮುಂಗೈ ಮರ ಬರುತ್ತದೆ, ನಳಿಗೆ ಬರುತ್ತದೆ, ಬಳೆ, ಉಂಗುರ, ಸ್ಪ್ರಿಂಗು ಬರುತ್ತವೆ. ಬಂದ ಕ್ರಮದಲ್ಲೇ ಸಾಲಾಗಿ ಇಡಿ. ಒರೆಸಿ. ನಳಿಗೆಯನ್ನು ತೋಟೆಯ ಗೂಡಿನ ಕಡೆಯಿಂದ ಉಜ್ಜಿ, ಬಾಯಿಯ ಕಡೆಯಿಂದಲ್ಲ. ಮುಂಗೈ ಮರದ ಹಿಂದಿನ ತೆಳು ಅಂಚಿನಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮರಳಿ ಜೋಡಿಸಿದ ಮೇಲೆ ಟೋಪಿ ಪೂರ್ತಿ ಬಿಗಿಯಾಗಬೇಕು. ಸಡಿಲವಾದರೆ ಮುಂಗೈ ಮರ ಕದಲುತ್ತದೆ, ಕದಲಿದ ಮರ ಸೀಳುತ್ತದೆ. ಇಷ್ಟಕ್ಕೆ ನಿಲ್ಲಿಸಿ. ಕುದುರೆಯ ಭಾಗ, ಬೋಲ್ಟು, ತೋಟೆ ಎತ್ತುವ ತಟ್ಟೆ ಇವೆಲ್ಲ ಲೈಸೆನ್ಸಿನ ಕಸುಬುದಾರನಿಗೆ ಬಿಡಿ. ಅವನೂ ತೋಟೆ ಏರುವುದನ್ನು ಪರೀಕ್ಷಿಸುವುದು ಮದ್ದಿಲ್ಲದ ನಕಲಿ ತೋಟೆಗಳಿಂದ ಮಾತ್ರ. ನಿಜವಾದ ತೋಟೆ ಬೆಂಚಿನ ಹತ್ತಿರವೂ ಬರಬಾರದು.

ನಳಿಗೆಯನ್ನು ಕೆಳಕ್ಕೆ ಒತ್ತುವ ಮಾತು ಬಂದದ್ದರಿಂದ ಇನ್ನೊಂದು ಕೋವಿಯ ಬಗ್ಗೆ ಎಚ್ಚರಿಕೆ ಹೇಳದೆ ಇರಲಾರೆ. ಬ್ರೌನಿಂಗನನ್ನು ಕಳೆದುಕೊಂಡ ವಿಂಚೆಸ್ಟರ್ 1911ರಲ್ಲಿ ತನ್ನದೇ ಆಟೋ ಕೋವಿ ತಂದಿತು. ಬೋಲ್ಟಿಗೆ ಹಿಡಿ ಇಡುವ ವಿನ್ಯಾಸಕ್ಕೆ ಬ್ರೌನಿಂಗ್ ಪೇಟೆಂಟ್ ಮಾಡಿಸಿಬಿಟ್ಟಿದ್ದ. ಅದಕ್ಕೆ ಅವರು ನಳಿಗೆಯ ಮೇಲೆಯೇ ಗೀರು ಹಾಕಿ, ನಳಿಗೆಯನ್ನೇ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆಯುವಂತೆ ಮಾಡಿದರು. ತೋಟೆ ಸಿಕ್ಕಿಕೊಂಡಾಗ ಜನ ಹೆಗಲ ಮರದ ಬುಡವನ್ನು ನೆಲಕ್ಕೆ ಊರಿ, ನಳಿಗೆಯ ಬಾಯಿಯನ್ನು ತಮ್ಮ ಮುಖದ ಕಡೆ ಮಾಡಿಕೊಂಡು ಕೆಳಕ್ಕೆ ಒತ್ತಿದರು. ಬಾಗಿಲು ಮುಚ್ಚಿದ ಕೋವಿ, ಒಳಗೆ ಜೀವಂತ ತೋಟೆ. ಆ ಕೋವಿಗೆ ಅಮೆರಿಕದಲ್ಲಿ ‘ವಿಧವೆ ಮಾಡುವವನು’ ಎಂಬ ಹೆಸರು ಬಂತು. ಬ್ರೌನಿಂಗಿನಲ್ಲಿ ಬೋಲ್ಟು ತೆರೆದು ಗೂಡು ಕಣ್ಣಿಗೆ ಕಾಣುತ್ತಿರುವಾಗ ಮಾತ್ರ ನಾವು ನಳಿಗೆ ಒತ್ತುತ್ತೇವೆ. ಅಂಥ ವಿಂಚೆಸ್ಟರ್ ಎಲ್ಲಾದರೂ ಉಳಿದಿದ್ದರೆ ಗೋಡೆಯ ಮೇಲೆ ಇರಲಿ. ಅದರ ಒಳಗಿನ ನಾರಿನ ತಡೆಬಿಲ್ಲೆಗಳು ಇಷ್ಟು ವರ್ಷಕ್ಕೆ ಪುಡಿಯಾಗಿರುತ್ತವೆ. ಅಂಥದನ್ನು ರಿಪೇರಿ ಮಾಡಿಕೊಡಿ ಎಂದರೆ ನಾನು ಕೈ ಮುಗಿದು ವಾಪಸು ಕಳಿಸುತ್ತೇನೆ.

ನಮ್ಮ ಕಡೆಯ ಕೋವಿಗಳ ದೊಡ್ಡ ಶತ್ರು ಸುಮ್ಮನೆ ಕೂರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿತು. ನಿಲ್ಲಬೇಕಾದದ್ದೇ, ನಮ್ಮ ಕಾಡು ಉಳಿದಿರುವುದು ಅದರಿಂದ. ಕೋವಿಗಳು ಬೀರು ಸೇರಿದವು. ಚುನಾವಣೆ ಬಂದಾಗ ಠೇವಣಿಗೆ ಹೋಗುತ್ತವೆ, ತಿಂಗಳು ಕಳೆದು ಬರುತ್ತವೆ, ಮತ್ತೆ ಬೀರು ಸೇರುತ್ತವೆ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಇಟ್ಟು ಬೀಗ ಹಾಕಿದರೆ ಚೀಲ ಕುಡಿದ ತೇವ ಉಕ್ಕಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ಕೈ ಬೆವರಿನ ಗುರುತು ಉಳಿಯದಿರಲಿ. ಎಣ್ಣೆ ಹಾಕಿದ ರಾತ್ರಿ ಕೋವಿಯನ್ನು ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಿ. ಬಾಯಿ ಮೇಲೆ ಇಟ್ಟರೆ ಎಣ್ಣೆ ಮೆಲ್ಲಗೆ ಇಳಿದು ಹೆಗಲ ಮರದ ತಲೆಗೆ ಸೇರುತ್ತದೆ. ವರ್ಷಾನುಗಟ್ಟಲೆ ಎಣ್ಣೆ ಕುಡಿದ ಮರ ಮೆತ್ತಗಾಗಿ, ಉಕ್ಕು ಒರಗುವ ಜಾಗದಲ್ಲೇ ಪುಡಿಯಾಗುತ್ತದೆ. 1960ರ ದಶಕದ ಕೊನೆಯ ಕೆಲವು ಬ್ರೌನಿಂಗುಗಳಲ್ಲಿ ಮರವೇ ಉಪ್ಪಿನಲ್ಲಿ ಹದ ಮಾಡಿದ್ದು. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು, ಮರದ ಅಡಿಯ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಮರ ತೆಗೆದಾಗ ಕೆಂಪು ಪುಡಿ ಕಂಡರೆ ಒರೆಸಿ ಸುಮ್ಮನಾಗಬೇಡಿ, ಮರವನ್ನೇ ಬದಲಿಸಬೇಕಾಗುತ್ತದೆ.

ಮಡಿಕೇರಿಯ ಹುಡುಗನ ಕೋವಿಗೆ ಮೂರು ವಾರ ಹಿಡಿಯಿತು. ಬಿರುಕಿನೊಳಗಿನ ಎಣ್ಣೆಯನ್ನು ತೆಗೆಯುವುದೇ ದೊಡ್ಡ ಕೆಲಸವಾಯಿತು. ಎಣ್ಣೆ ಇರುವ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಮುಂದಿನ ಸ್ಪ್ರಿಂಗನ್ನು ಹೊಸದರ ಪಕ್ಕ ಇಟ್ಟಾಗ ಕುಗ್ಗಿದ್ದು ಕಂಡಿತು, ಬದಲಿಸಿದೆ. ಉಂಗುರವನ್ನು ಸ್ಪ್ರಿಂಗಿನ ಮುಂದೆ, ಓರೆ ಮುಖ ಬಳೆಯ ಕಡೆಗೆ ಇಟ್ಟೆ. ಗುರಿ ಅಭ್ಯಾಸದ ಮೈದಾನಕ್ಕೆ ಇಬ್ಬರೂ ಹೋದೆವು. ಮೊದಲ ಈಡಿಗೆ ಅವನು ಗುರಿಹಲಗೆಯ ಕಡೆ ನೋಡಲಿಲ್ಲ. ಬಲಕ್ಕೆ ತಿರುಗಿ ಹುಲ್ಲಿನಲ್ಲಿ ಬಿದ್ದ ಕವಚವನ್ನು ಹುಡುಕಿದ. ಟೇಪು ಹಿಡಿದು ಅಳೆದ. ಏಳು ಅಡಿ ಚಿಲ್ಲರೆ. ಎರಡನೆಯದು ಅದರ ಪಕ್ಕದಲ್ಲೇ ಬಿತ್ತು, ಮೂರನೆಯದೂ ಅಲ್ಲೇ. ಅಂಗಡಿಗೆ ಮರಳಿದ ಮೇಲೆ ಒಂದು ಬಿಳಿ ಕಾಗದ ಕೇಳಿ, ಬಳೆ, ಉಂಗುರ, ಸ್ಪ್ರಿಂಗುಗಳ ಕ್ರಮವನ್ನು ಪೆನ್ಸಿಲಿನಲ್ಲಿ ಬರೆದು, ಕನ್ನಡದಲ್ಲಿ ಹೆಸರು ಬರೆದ. ಕೆಳಗೆ ಗೂಡಿನ ಅಳತೆ, 70 ಮಿ.ಮೀ. ಅದರ ಮೇಲೆ ವಾರ್ನಿಷು ಸವರಿ, ಹಳೆಯ ಕಾಗದ ಇದ್ದ ಜಾಗದಲ್ಲೇ, ಮುಂಗೈ ಮರದ ಒಳಗೆ ಅಂಟಿಸಿದೆವು.